ಐಪಿಎ ಬಾಟಲಿಯ ಮುಚ್ಚಳ ಹಾಕಿದ್ದೀರಾ?

ಫಸ್ಟ್ ಇಯರ್ ದಾಟಿದರೆ ಕೆಮಿಸ್ಟ್ರಿ ಲ್ಯಾಬ್ ಕಾಟ ಮುಗೀತು ಅಂದುಕೊಳ್ತೀವಿ. ಆದರೆ ಲ್ಯಾಬಿನ ಆಲ್ಕೋಹಾಲ್ ನಮ್ಮ ಬೆನ್ನು ಬಿಡೋದಿಲ್ಲ. ಇಸಿಯವರು ಪಿಸಿಬಿ ಮೇಲಿನ ಫ್ಲಕ್ಸ್ ಒರೆಸೋಕೆ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಬಳಸ್ತಾರೆ. ಮೆಕ್ಯಾನಿಕಲ್‌ನವರು ಉಕ್ಕಿನ ತುಂಡನ್ನು ಮೈಕ್ರೋಸ್ಕೋಪಿನಲ್ಲಿ ನೋಡುವ ಮೊದಲು ನೈಟಾಲ್‌ನಲ್ಲಿ ಅದ್ದುತ್ತಾರೆ. ಅದು ಎಥನಾಲ್‌ಗೆ ಸ್ವಲ್ಪ ನೈಟ್ರಿಕ್ ಆಸಿಡ್ ಸೇರಿಸಿ ಮಾಡಿದ ದ್ರಾವಣ. ಬಯೋಟೆಕ್‌ನವರ ಟೇಬಲ್ ಮೇಲೆ 70 ಪರ್ಸೆಂಟ್ ಎಥನಾಲ್‌ನ ಸ್ಪ್ರೇ ಬಾಟಲಿ ಇರುತ್ತೆ, ಪಕ್ಕದಲ್ಲೇ ಬರ್ನರ್ ಕೂಡ. ರೆಸಿನ್ 3ಡಿ ಪ್ರಿಂಟರ್‌ನಿಂದ ತೆಗೆದ ಪಾರ್ಟ್ ತೊಳೆಯೋದೂ ಐಪಿಎಯಲ್ಲೇ. ಇಂಟರ್ನ್‌ಶಿಪ್ ಅಂತ ಪೀಣ್ಯದ ಒಂದು ಟೂಲ್ ರೂಮಿಗೋ ಎಲೆಕ್ಟ್ರಾನಿಕ್ಸ್ ಶೆಡ್ಡಿಗೋ ಹೋದರೆ, ಇದೇ ದ್ರವ ಅಲ್ಲಿ ಕ್ಯಾನು ಬ್ಯಾರೆಲ್ಲುಗಳಲ್ಲಿ ಇರುತ್ತೆ.

ಆಸಿಡ್ ಅಂದರೆ ನಮಗೆಲ್ಲ ಭಯ, ಗ್ಲೌಸ್ ಹಾಕದೆ ಮುಟ್ಟೋದಿಲ್ಲ. ಸ್ಪಿರಿಟ್ ಅಂದರೆ ಮಾತ್ರ ಸಲಿಗೆ. ಕೊರೊನಾ ಕಾಲದಲ್ಲಿ ದಿನಕ್ಕೆ ಹತ್ತು ಸಲ ಕೈಗೆ ಹಚ್ಚಿಕೊಂಡವರು ತಾನೇ ನಾವು! ಆ ಸಲಿಗೆ ಎಲ್ಲಿ ಅಪಾಯ ಆಗುತ್ತೆ ಅಂತ ತಿಳಿದುಕೊಳ್ಳೋಕೆ ಸ್ವಲ್ಪ ಫಿಸಿಕ್ಸ್ ಸಾಕು.

ಬೆಂಗಳೂರಿನ ಚಳಿಯೂ ಸಾಲದು

ದ್ರವಕ್ಕೆ ನೇರವಾಗಿ ಬೆಂಕಿ ಹತ್ತೋದಿಲ್ಲ. ಅದರ ಮೇಲಿನ ಆವಿ ಗಾಳಿಯ ಜೊತೆ ಬೆರೆತಾಗ ಆ ಮಿಶ್ರಣ ಹತ್ತಿಕೊಳ್ಳುತ್ತೆ. ಹಾಗೆ ಹತ್ತಿಕೊಳ್ಳುವಷ್ಟು ಆವಿ ಏಳೋಕೆ ಬೇಕಾದ ಕನಿಷ್ಠ ಉಷ್ಣತೆಯನ್ನು ಫ್ಲ್ಯಾಶ್ ಪಾಯಿಂಟ್ ಅಂತಾರೆ. ಸೀಮೆಎಣ್ಣೆಗೆ ಇದು 35 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿದೆ. ಶುದ್ಧ ಎಥನಾಲ್‌ಗೆ ಸುಮಾರು 13, ಐಪಿಎಗೆ 12, ಮೆಥನಾಲ್‌ಗೆ 11 ಡಿಗ್ರಿ.

ಈಗ ನಮ್ಮ ಊರಿನ ಹವಾಮಾನ ನೋಡಿ. ಬೆಂಗಳೂರಿನ ಡಿಸೆಂಬರ್ ರಾತ್ರಿಯಲ್ಲೂ ಸಾಮಾನ್ಯವಾಗಿ 15-16 ಡಿಗ್ರಿ ಇರುತ್ತೆ. ಅಂದರೆ ನಾವು ಸ್ವೆಟರ್ ಹಾಕಿಕೊಂಡು ನಡುಗುವ ದಿನವೂ, ಮುಚ್ಚಳ ತೆರೆದ ಐಪಿಎ ಬಾಟಲಿ ಒಂದು ಕಿಡಿಗೆ ಕಾದುಕೊಂಡೇ ಕೂತಿರುತ್ತೆ.

ನೀರು ಬೆರೆಸಿದರೆ ಆಯ್ತಲ್ಲ ಅನ್ನಬಹುದು. 70 ಪರ್ಸೆಂಟ್ ಎಥನಾಲ್‌ನ ಫ್ಲ್ಯಾಶ್ ಪಾಯಿಂಟ್ ಸುಮಾರು 17 ಡಿಗ್ರಿ, 40 ಪರ್ಸೆಂಟ್‌ನದು 26. 20 ಪರ್ಸೆಂಟ್‌ಗೆ ಇಳಿಸಿದರೂ ಅದು 36ಕ್ಕೆ ಏರುತ್ತೆ ಅಷ್ಟೆ. ನಾವು ದಿನಾ ಬಳಸುವ 70 ಪರ್ಸೆಂಟ್ ದ್ರಾವಣ ಮಧ್ಯಾಹ್ನದ ಲ್ಯಾಬಿನಲ್ಲಿ ಸುರಕ್ಷಿತ ಅಲ್ಲವೇ ಅಲ್ಲ.

ಒಂದು ಸಣ್ಣ ಲೆಕ್ಕ

ಬೀರುವಿನೊಳಗೆ 100 ಎಂಎಲ್ ಎಥನಾಲ್ ಚೆಲ್ಲಿದೆ ಅಂದುಕೊಳ್ಳಿ. ಅದರ ತೂಕ ಸುಮಾರು 79 ಗ್ರಾಂ. ಒಂದು ಮೋಲ್ 46 ಗ್ರಾಂ ಆದ್ದರಿಂದ ಇದು 1.7 ಮೋಲ್. 25 ಡಿಗ್ರಿಯಲ್ಲಿ ಒಂದು ಮೋಲ್ ಆವಿ 24.5 ಲೀಟರ್ ಜಾಗ ಹಿಡಿಯುತ್ತೆ. ಒಟ್ಟು 42 ಲೀಟರ್ ಆವಿ ಆಯ್ತು. ಬೀರು ಒಂದು ಮೀಟರ್ ಅಗಲ, ಅರ್ಧ ಮೀಟರ್ ಆಳ, ಎರಡು ಮೀಟರ್ ಎತ್ತರ ಇದ್ದರೆ ಅದರ ಗಾತ್ರ 1000 ಲೀಟರ್. ಅಲ್ಲಿಗೆ ಬೀರುವಿನ ಗಾಳಿಯಲ್ಲಿ ಎಥನಾಲ್ 4.2 ಪರ್ಸೆಂಟ್.

ಎಥನಾಲ್ ಆವಿ ಗಾಳಿಯಲ್ಲಿ ಸುಮಾರು 3.3ರಿಂದ 19 ಪರ್ಸೆಂಟ್ ಇದ್ದಾಗ ಹತ್ತಿಕೊಳ್ಳುತ್ತೆ. ಅರ್ಧ ಲೋಟದಷ್ಟು ಸ್ಪಿರಿಟ್ ಇಡೀ ಬೀರುವನ್ನೇ ಸಿಡಿಯುವ ಸ್ಥಿತಿಗೆ ತಂತು! ಐಪಿಎ ಇನ್ನೂ ಮುಂದೆ, ಅದಕ್ಕೆ ಸುಮಾರು 2 ಪರ್ಸೆಂಟ್ ಸಾಕು.

ಜೊತೆಗೆ ಈ ಆವಿ ಗಾಳಿಗಿಂತ ಭಾರ. ಎಥನಾಲ್ ಆವಿ 1.6 ಪಟ್ಟು, ಐಪಿಎ ಆವಿ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಅದು ಮೇಲೇರಿ ಕಿಟಕಿಯಿಂದ ಹೋಗೋ ಬದಲು ಟೇಬಲ್‌ನಿಂದ ಇಳಿದು ನೆಲದುದ್ದಕ್ಕೂ ಹರಿಯುತ್ತೆ. ದೂರದಲ್ಲಿ ಎಲ್ಲೋ ಒಂದು ಕಿಡಿ ಸಿಕ್ಕರೆ, ಬೆಂಕಿ ಅದೇ ದಾರಿ ಹಿಡಿದು ಬಾಟಲಿಗೆ ವಾಪಸ್ ಬರುತ್ತೆ. ಪೀಣ್ಯದಂಥ ಕಡೆ ಇದು ದೊಡ್ಡ ವಿಷಯ. ಗೋಡೆಗೆ ಗೋಡೆ ಅಂಟಿಕೊಂಡ ಶೆಡ್ಡುಗಳಲ್ಲಿ ಈ ಕಡೆ ಐಪಿಎಯಲ್ಲಿ ಪಾರ್ಟ್ಸ್ ತೊಳೀತಿದ್ದರೆ, ಆ ಕಡೆ ಗ್ರೈಂಡಿಂಗ್, ವೆಲ್ಡಿಂಗ್ ನಡೀತಿರಬಹುದು. ನಮ್ಮ ಬರ್ನರ್ ಆರಿಸೋದು ನಮ್ಮ ಕೈಲಿದೆ, ಪಕ್ಕದ ಶೆಡ್ಡಿನ ಗ್ರೈಂಡರ್ ನಮ್ಮ ಕೈಲಿಲ್ಲ. ನಮ್ಮ ಕೈಲಿರೋದು ಆವಿ ಹೊರಗೆ ಬಾರದಂತೆ ನೋಡಿಕೊಳ್ಳೋದು.

ಬೆಂಕಿ ಒಮ್ಮೆ ಬ್ಯಾರೆಲ್ಲುಗಳ ತನಕ ಹೋದರೆ ಏನಾಗುತ್ತೆ ಅಂತ ನಮ್ಮ ನಗರ ನೋಡಿದೆ. 2020ರ ನವೆಂಬರ್ 10ರಂದು ಮೈಸೂರು ರಸ್ತೆಯ ಬಾಪೂಜಿನಗರದ ಹತ್ತಿರ, ಹೊಸಗುಡ್ಡದಹಳ್ಳಿಯ ಒಂದು ರಾಸಾಯನಿಕ ಗೋದಾಮಿಗೆ ಬೆಂಕಿ ಬಿತ್ತು. ಬ್ಯಾರೆಲ್ಲುಗಳು ಸಿಡಿದವು, ಸುತ್ತಲಿನ ಮನೆಗಳಿಂದ ಜನರನ್ನು ಹೊರಗೆ ಕಳಿಸಬೇಕಾಯ್ತು. ಮನೆಗಳ ಮಧ್ಯೆ ಇಷ್ಟೊಂದು ದ್ರಾವಕ ಕೂಡಿಡಬಾರದು ಅನ್ನೋದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಕೆಲಸ ಮಾಡುವಾಗ

ಬೆಂಚಿನ ಮೇಲೆ ಆವತ್ತಿಗೆ ಬೇಕಾದಷ್ಟೇ ಇರಲಿ. ದೊಡ್ಡ ಬಾಟಲಿ ಅದರ ಜಾಗದಲ್ಲೇ ಇರಲಿ. ಪಿಸಿಬಿ ಒರೆಸುವಾಗ ಸಪ್ಲೈ ಆಫ್ ಮಾಡಿ, ಬ್ಯಾಟರಿ ತೆಗೆಯಿರಿ, ಸೋಲ್ಡರಿಂಗ್ ಐರನ್ ದೂರ ಇಡಿ. ಬೋರ್ಡ್ ಪೂರ್ತಿ ಒಣಗುವ ತನಕ ಪವರ್ ಕೊಡಬೇಡಿ. ಅಲ್ಟ್ರಾಸೋನಿಕ್ ಕ್ಲೀನರ್‌ನ ತೊಟ್ಟಿಗೆ ನೇರವಾಗಿ ಐಪಿಎ ಸುರಿಯಬಾರದು, ಆ ಮಷೀನ್ ಇರೋದು ನೀರಿಗೆ.

ಉರಿಯುತ್ತಿರುವ ಸ್ಪಿರಿಟ್ ಲ್ಯಾಂಪಿಗೆ ಯಾವತ್ತೂ ಸ್ಪಿರಿಟ್ ತುಂಬಬೇಡಿ. ಆರಿಸಿ, ತಣ್ಣಗಾದ ಮೇಲೆ, ಮೂರರಲ್ಲಿ ಎರಡು ಭಾಗ ಮಾತ್ರ ತುಂಬಿ. ಟೆಕ್ ಫೆಸ್ಟ್‌ಗಳಲ್ಲಿ ಬಣ್ಣದ ಜ್ವಾಲೆ ತೋರಿಸುವ ಆಸೆ ಇರುವವರು ಇದನ್ನು ಕೇಳಿ: 2014ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಡೆನ್ವರ್‌ನ ಒಂದು ಶಾಲೆಯಲ್ಲಿ ಪ್ರಯೋಗ ತೋರಿಸುವಾಗ 4 ಲೀಟರ್ ಬಾಟಲಿಯಿಂದ ಮೆಥನಾಲ್ ಸುರಿದರು. ಬೆಂಕಿ ಬಾಟಲಿಯೊಳಗೆ ಹೊಕ್ಕು, ಸುಮಾರು 12 ಅಡಿ ದೂರ ಚಿಮ್ಮಿ ಒಬ್ಬ ವಿದ್ಯಾರ್ಥಿಯನ್ನು ಸುಟ್ಟಿತು. ಆಲ್ಕೋಹಾಲ್‌ನ ನೀಲಿ ಜ್ವಾಲೆ ಹಗಲು ಬೆಳಕಿನಲ್ಲಿ ಸರಿಯಾಗಿ ಕಾಣೋದೂ ಇಲ್ಲ. ಆರಿದೆ ಅಂದುಕೊಂಡು ಸುರಿಯೋದು ಅದಕ್ಕೇ ಅಪಾಯ.

ನೈಟಾಲ್ ಬೇಕಾದಾಗ ಬೇಕಾದಷ್ಟೇ ಮಾಡಿಕೊಳ್ಳಿ. ಆಲ್ಕೋಹಾಲ್‌ಗೆ ಆಸಿಡ್ ನಿಧಾನವಾಗಿ ಸೇರಿಸಬೇಕು, ಉಲ್ಟಾ ಮಾಡಬಾರದು. ಎಥನಾಲ್‌ನಲ್ಲಿ ನೈಟ್ರಿಕ್ ಆಸಿಡ್ 5 ಪರ್ಸೆಂಟ್ ದಾಟಬಾರದು. ಬಿಗಿ ಮುಚ್ಚಳ ಹಾಕಿ ಎತ್ತಿಟ್ಟರೆ ಒಳಗೆ ಗ್ಯಾಸ್ ತುಂಬಿ ಬಾಟಲಿಯೇ ಒಡೆಯಬಹುದು. ಮೇಲೆ ಶೀರ್ಷಿಕೆಯಲ್ಲಿ ಮುಚ್ಚಳ ಹಾಕಿದ್ದೀರಾ ಅಂತ ಕೇಳಿದ್ದಕ್ಕೆ ಇದೊಂದು ಮಾತ್ರ ಅಪವಾದ.

ಬ್ಯಾರೆಲ್ಲಿನಿಂದ ಕ್ಯಾನಿಗೆ ಬಗ್ಗಿಸುವಾಗ ಹರಿಯುವ ದ್ರವದಿಂದಲೇ ಸ್ಟ್ಯಾಟಿಕ್ ಚಾರ್ಜ್ ಹುಟ್ಟುತ್ತೆ. ಆದ್ದರಿಂದ ಕಬ್ಬಿಣದ ಬ್ಯಾರೆಲ್ಲಿಗೆ ಅರ್ಥಿಂಗ್ ಇರಬೇಕು, ಲೋಹದ ಕ್ಯಾನನ್ನು ಅದಕ್ಕೆ ವೈರಿನಿಂದ ಸೇರಿಸಿರಬೇಕು. ಇಂಟರ್ನ್‌ಶಿಪ್‌ನಲ್ಲಿ ಆ ವೈರ್ ಕಾಣದಿದ್ದರೆ ಸೂಪರ್‌ವೈಸರ್ ಅವರನ್ನು ಕೇಳಿ, ಕೇಳೋದರಲ್ಲಿ ಸಂಕೋಚ ಬೇಡ.

ಎತ್ತಿಡುವಾಗ

ದ್ರಾವಕಗಳಿಗೆ ಅಂತಲೇ ಇರುವ ಜೋಡಿ ಗೋಡೆಯ ಸ್ಟೀಲ್ ಕ್ಯಾಬಿನೆಟ್ ಒಳ್ಳೆಯದು. ಬಾಟಲಿಗಳು ಕಣ್ಣಿನ ಮಟ್ಟಕ್ಕಿಂತ ಕೆಳಗೆ, ಟ್ರೇ ಒಳಗೆ ಇರಲಿ. ನೈಟ್ರಿಕ್ ಆಸಿಡ್, ಹೈಡ್ರೋಜನ್ ಪೆರಾಕ್ಸೈಡ್, ಪೊಟ್ಯಾಸಿಯಂ ಪರ್ಮಾಂಗನೇಟ್ ಅದೇ ಕ್ಯಾಬಿನೆಟ್‌ನಲ್ಲಿ ಇರಕೂಡದು. ಮನೆಯಲ್ಲಿ ಬಳಸುವಂಥ ಫ್ರಿಜ್ಜಿನಲ್ಲೂ ಇಡಬೇಡಿ. ಅದರೊಳಗೆ ಥರ್ಮೋಸ್ಟಾಟ್, ಲೈಟ್ ಸ್ವಿಚ್ ಎರಡೂ ಕಿಡಿ ಕೊಡಬಲ್ಲವು. ಕರೆಂಟ್ ಹೋಗಿ ಒಳಗೆ ಬೆಚ್ಚಗಾಗಿ, ಆಮೇಲೆ ಕರೆಂಟ್ ಬಂದಾಗ ಆ ಕಿಡಿ ಆವಿಗೆ ಸಿಗುತ್ತೆ.

ಲೇಬಲ್ ಇಲ್ಲದ ಬಾಟಲಿ ಬೇಡವೇ ಬೇಡ. ಎಥನಾಲ್, ಮೆಥನಾಲ್, ಐಪಿಎ ಮೂರೂ ನೋಡೋಕೆ ನೀರಿನಂತೆಯೇ ಇರುತ್ತವೆ. ಅದರಲ್ಲಿ ಮೆಥನಾಲ್ ವಿಷ. 1981ರಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಕಳ್ಳ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತಿದ್ದರು. ಹಳೆಯ ನೀರಿನ ಬಾಟಲಿಗೆ ಸ್ಪಿರಿಟ್ ತುಂಬಿಡೋದಂತೂ ಖಂಡಿತ ಕೂಡದು. ಒರೆಸಿದ ಕಾಟನ್ ವೇಸ್ಟ್ ಮುಚ್ಚಳ ಇರುವ ಲೋಹದ ಡಬ್ಬಕ್ಕೆ ಹೋಗಲಿ, ಉಳಿದ ದ್ರವ ಸಿಂಕಿಗಲ್ಲ, ವೇಸ್ಟ್ ಕ್ಯಾನಿಗೆ.

ಬೆಂಕಿ ಹತ್ತಿದರೆ

ಬೀಕರಿನಲ್ಲಿ ಸಣ್ಣ ಬೆಂಕಿ ಇದ್ದರೆ ಲೋಹದ ತಟ್ಟೆಯನ್ನೋ ಫೈರ್ ಬ್ಲಾಂಕೆಟನ್ನೋ ಮುಚ್ಚಿ. ಗಾಳಿ ಸಿಗದೆ ಆರುತ್ತೆ. ಬೀಕರನ್ನು ಎತ್ತಿಕೊಂಡು ಓಡಬೇಡಿ. ಟೇಬಲ್ ಮೇಲೆ ಹರಡಿದ್ದರೆ ಕಾರ್ಬನ್ ಡೈಆಕ್ಸೈಡ್ ಅಥವಾ ಡ್ರೈ ಪೌಡರ್ ಎಕ್ಸ್‌ಟಿಂಗ್ವಿಷರ್ ಬಳಸಿ. ಸಾಮಾನ್ಯ ಫೋಮ್ ಇಲ್ಲಿ ನಿಲ್ಲೋದಿಲ್ಲ. ಆಲ್ಕೋಹಾಲ್ ನೀರಿನಲ್ಲಿ ಬೆರೆಯುವುದರಿಂದ ಫೋಮಿನ ನೀರನ್ನೇ ಎಳೆದುಕೊಂಡು ಅದನ್ನು ಒಡೆದುಬಿಡುತ್ತೆ. ಅದಕ್ಕೆ ಆಲ್ಕೋಹಾಲ್ ತಡೆಯುವ ಬೇರೆ ಫೋಮೇ ಬೇಕು. ಒಂದು ಎಕ್ಸ್‌ಟಿಂಗ್ವಿಷರ್‌ಗೆ ಬಗ್ಗದಿದ್ದರೆ ಎಲ್ಲರೂ ಹೊರಗೆ ಬನ್ನಿ, 112ಕ್ಕೆ ಫೋನ್ ಮಾಡಿ. ಬಟ್ಟೆಗೆ ಹತ್ತಿದರೆ ಓಡದೆ ನೆಲದ ಮೇಲೆ ಉರುಳಬೇಕು. ಸುಟ್ಟ ಜಾಗಕ್ಕೆ 20 ನಿಮಿಷ ನಲ್ಲಿ ನೀರು ಹರಿಸಿ. ಪೇಸ್ಟ್, ಶಾಯಿ ಏನೂ ಹಚ್ಚದೆ ಆಸ್ಪತ್ರೆಗೆ ಹೋಗಿ.

ಮುಂದಿನ ಲ್ಯಾಬ್ ಕ್ಲಾಸಿನಲ್ಲಿ ಮೂರು ವಿಷಯ ನೋಡೋಣ. ಆಲ್ಕೋಹಾಲ್ ಬಾಟಲಿ ಎಲ್ಲಿದೆ? ಎಕ್ಸ್‌ಟಿಂಗ್ವಿಷರ್‌ನ ಮುಳ್ಳು ಹಸಿರಿನಲ್ಲಿದೆಯಾ, ತಾರೀಖು ಮುಗಿದಿದೆಯಾ? ಹಿಂದಿನ ಬಾಗಿಲು ತೆಗೆಯೋಕೆ ಆಗುತ್ತಾ, ಅಥವಾ ಹಳೆ ಸ್ಟೂಲ್‌ಗಳು ಅಡ್ಡ ಇವೆಯಾ? ಏನಾದರೂ ಸರಿ ಇಲ್ಲದಿದ್ದರೆ ಇನ್‌ಸ್ಟ್ರಕ್ಟರ್ ಸರ್‌ಗೋ ಮೇಡಂಗೋ ಹೇಳೋಣ. ನಾವು ವಾರಕ್ಕೆ ಮೂರು ಗಂಟೆ ಅಲ್ಲಿದ್ದು ಬರ್ತೀವಿ. ಅವರು, ಅಟೆಂಡರ್ ಅಣ್ಣ ಇಬ್ಬರೂ ದಿನವಿಡೀ ಅದೇ ಗಾಳಿಯಲ್ಲಿ ಇರ್ತಾರೆ.