ಕೋವಿಯ ಟ್ರಿಗರಿನ ಎಳೆತ: ಅಲ್ಪವೆಚ್ಚದ ಸುಧಾರಣೆ ಮತ್ತು ಅದರ ಎಲ್ಲೆ

ಬೆಳೆ ಕಾಯುವ ಕೋವಿ ನಮ್ಮ ಕರಾವಳಿಯ ಗ್ರಾಮಜೀವನಕ್ಕೆ ಹೊಸತಲ್ಲ. ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಕಡಲಿಗೂ ಘಟ್ಟಕ್ಕೂ ನಡುವಣ ನೆಲ ಕಿರಿದು. ಇವುಗಳಲ್ಲಿ ಕೊನೆಯ ಎರಡು ಪ್ರತ್ಯೇಕ ತಾಲೂಕುಗಳಾದದ್ದು 2018ರಲ್ಲಿ. ಕೊಲ್ಲೂರು, ಸಿದ್ದಾಪುರ, ಅಮಾಸೆಬೈಲುಗಳ ಕಡೆ ಕಾಡಿನ ಅಂಚೇ ಗದ್ದೆಯ ಅಂಚು. ಭತ್ತ ತೆನೆಗಟ್ಟುವ ಕಾಲಕ್ಕೆ ಹಂದಿಯೂ, ತೆಂಗು ಅಡಕೆಗಳಿಗೆ ವರ್ಷವಿಡೀ ಮಂಗವೂ ಬಂದೇ ಬರುತ್ತವೆ. ಆದುದರಿಂದ ಕೆಲವು ಮನೆಗಳಲ್ಲಿ ಪರವಾನಗಿಯ ಕೋವಿಯೊಂದು, ತುಳುವಿನವರ ಮಾತಿನಲ್ಲಿ 'ಬೆಡಿ', ಹಿರಿಯರ ಕಾಲದಿಂದ ಉಳಿದು ಬಂದಿದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಇಲ್ಲಿಯವರಿಗಿಲ್ಲ. ಇಲ್ಲಿ ಪ್ರತಿಯೊಂದು ಕೋವಿಗೂ ಪರವಾನಗಿ ಬೇಕು. 1959ರ ಆಯುಧ ಕಾಯಿದೆಯ 13ನೆಯ ಪ್ರಕರಣವು ಬೆಳೆಯ ರಕ್ಷಣೆಗಾಗಿ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನೇ ಹೆಸರಿಸಿದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ನುಣುಪು ನಳಿಗೆಯ ಕೋವಿಗೆ ಅವಕಾಶವುಂಟು.

ಇಂಥ ಕೋವಿಯನ್ನು ಇಟ್ಟುಕೊಂಡವರ ಸಾಮಾನ್ಯ ದೂರು ಒಂದೇ: ಟ್ರಿಗರ್ ಗಟ್ಟಿ, ಎಳೆಯುವಾಗ ಕೈ ಅಲುಗುತ್ತದೆ. ರೈಫಲಿನಲ್ಲಿ ಗುರಿ ಕಲಿಯುವ ವಿದ್ಯಾರ್ಥಿಯದೂ ಇದೇ ದೂರು. ಪರದೇಶಗಳಲ್ಲಿ ಅರೆಸ್ವಯಂಚಾಲಿತ ರೈಫಲುಗಳನ್ನು ಬಳಸುವವರದೂ ಇದೇ. ಹೆಚ್ಚು ಖರ್ಚಿಲ್ಲದೆ ಇದನ್ನು ಸರಿಪಡಿಸುವುದು ಸಾಧ್ಯವೇ, ಸಾಧ್ಯವಾದರೆ ಎಲ್ಲಿಯವರೆಗೆ ಎಂಬುದನ್ನು ಯಂತ್ರಶಾಸ್ತ್ರದ ದೃಷ್ಟಿಯಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಯಂತ್ರದ ರಚನೆ

ಹಳೆಯ ಕೇಪಿನ ಕೋವಿಯಿಂದ ಹೊಸ ರೈಫಲಿನವರೆಗೆ ಈ ಯಂತ್ರದ ಮೂಲತತ್ತ್ವ ಒಂದೇ. ಬಲವಾದ ಮುಖ್ಯ ಸ್ಪ್ರಿಂಗೊಂದು ಕುದುರೆಯನ್ನು ಮುಂದಕ್ಕೆ ನೂಕುತ್ತಿರುತ್ತದೆ. ಕುದುರೆಯ ಬುಡದಲ್ಲಿ ಒಂದು ಕಚ್ಚು ಇದೆ. ಆ ಕಚ್ಚಿನಲ್ಲಿ ಸಿಕ್ಕಿಕೊಂಡು ಕುದುರೆಯನ್ನು ಹಿಡಿದು ನಿಲ್ಲಿಸುವ ಚಿಕ್ಕ ಉಕ್ಕಿನ ತುಂಡನ್ನು ನಾವು ತಡೆಕೊಕ್ಕೆ ಎಂದು ಕರೆಯೋಣ. ಬೆರಳು ಎಳೆಯುವ ಟ್ರಿಗರು ಒಂದು ಸನ್ನೆ ಮಾತ್ರ. ಅದರ ಕೆಲಸ ತಡೆಕೊಕ್ಕೆಯನ್ನು ಕಚ್ಚಿನಿಂದ ಜಾರಿಸುವುದು. ಜಾರಿದೊಡನೆ ಕುದುರೆ ಬಿದ್ದು ಕೇಪನ್ನು ಹೊಡೆಯುತ್ತದೆ.

ಹೀಗಿರುವಾಗ ಬೆರಳು ಜಯಿಸಬೇಕಾದದ್ದು ಮುಖ್ಯ ಸ್ಪ್ರಿಂಗಿನ ಪೂರ್ಣಬಲವನ್ನಲ್ಲ. ಆ ಬಲವು ಎರಡು ಉಕ್ಕಿನ ಮುಖಗಳನ್ನು ಒತ್ತಿ ಹಿಡಿಯುವುದರಿಂದ ಉಂಟಾಗುವ ಘರ್ಷಣೆಯನ್ನು. ಒಂದು ಉದಾಹರಣೆಯನ್ನು ಲೆಕ್ಕ ಹಾಕಿ ನೋಡಬಹುದು. ಕಚ್ಚಿನ ಮೇಲೆ ಒತ್ತುವ ಬಲ 100 ನ್ಯೂಟನ್ ಎಂದೂ, ತಡೆಕೊಕ್ಕೆಯು ಟ್ರಿಗರಿನೊಡನೆ ಒಂದೇ ಸನ್ನೆಯಾಗಿ ತಿರುಗುತ್ತದೆಂದೂ, ಅದು ತಿರುಗುಗೂಟದಿಂದ 10 ಮಿಲಿಮೀಟರ್ ದೂರದಲ್ಲಿಯೂ ಬೆರಳು 25 ಮಿಲಿಮೀಟರ್ ದೂರದಲ್ಲಿಯೂ ಇವೆಯೆಂದೂ ಇಟ್ಟುಕೊಳ್ಳೋಣ. ಟ್ರಿಗರನ್ನು ಸ್ವಸ್ಥಾನಕ್ಕೆ ಮರಳಿಸುವ ಚಿಕ್ಕ ಸ್ಪ್ರಿಂಗಿನ ಪಾಲು 4 ನ್ಯೂಟನ್ ಇರಲಿ. ಎಣ್ಣೆ ಸವರಿದ ನುಣುಪು ಉಕ್ಕಿನ ಘರ್ಷಣಾಂಕ ಸುಮಾರು 0.15; ಆಗ ಘರ್ಷಣೆ 15 ನ್ಯೂಟನ್, ಬೆರಳಿನ ಪಾಲಿಗೆ ಅದು 6 ನ್ಯೂಟನ್, ಒಟ್ಟು 10 ನ್ಯೂಟನ್; ಅಂದರೆ ಸುಮಾರು 1 ಕಿಲೋಗ್ರಾಮಿನ ಭಾರ. ಒಣಗಿ ಒರಟಾದ ಉಕ್ಕಿನ ಘರ್ಷಣಾಂಕ ಸುಮಾರು 0.6, ಆಗ ಬೆರಳಿನ ಪಾಲು 24 ನ್ಯೂಟನ್, ಒಟ್ಟು 28 ನ್ಯೂಟನ್, ಅಂದರೆ 2.9 ಕಿಲೋಗ್ರಾಮಿಗೆ ಹತ್ತಿರ. ಯಂತ್ರದ ಯಾವ ತುಂಡೂ ಬದಲಾಗಿಲ್ಲ, ಯಾವ ಸ್ಪ್ರಿಂಗೂ ಬದಲಾಗಿಲ್ಲ. ಮೇಲ್ಮೈಯ ಸ್ಥಿತಿಯೊಂದು ಕೆಟ್ಟುದರಿಂದಲೇ ಎಳೆತ ಸುಮಾರು ಮೂರು ಪಟ್ಟಾಯಿತು. ಮೂರು ಕಿಲೋಗ್ರಾಮು ತೂಗುವ ಕೋವಿಯನ್ನು ಅದರ ಭಾರದಷ್ಟೇ ಬಲದಿಂದ ಎಳೆದರೆ ನಳಿಗೆ ಕದಲದಿರುವುದು ಕಷ್ಟ. 75 ಸೆಂಟಿಮೀಟರು ಉದ್ದದ ನಳಿಗೆಯ ತುದಿ 1 ಮಿಲಿಮೀಟರ್ ಸರಿದರೆ 50 ಮೀಟರ್ ದೂರದಲ್ಲಿ ಗುರಿ ಸುಮಾರು 6.7 ಸೆಂಟಿಮೀಟರ್ ತಪ್ಪುತ್ತದೆ.

ಎಳೆತದ ಗುಣಗಳು ಮೂರು ಎಂಬುದನ್ನೂ ಇಲ್ಲಿಯೇ ಹೇಳಬೇಕು. ಒಂದು, ಅದರ ಭಾರ. ಎರಡು, ಬಿಡುಗಡೆಗೆ ಮುನ್ನ ತಡೆಕೊಕ್ಕೆ ತೆವಳುವ ದೂರ. ಮೂರು, ಪ್ರತಿಸಲವೂ ಒಂದೇ ಬಗೆಯಾಗಿರುವ ನಿಯತತೆ. ಜನರು ದೂರುವುದು ಮೊದಲನೆಯದನ್ನು. ಗುರಿಯನ್ನು ಹೆಚ್ಚು ಕೆಡಿಸುವುದು ಉಳಿದೆರಡು. 303 ಲೀ–ಎನ್‌ಫೀಲ್ಡ್ ರೈಫಲಿನ ಎಳೆತ ಎರಡು ಹಂತದ್ದು; ಎರಡನೆಯ ಹಂತ 5ರಿಂದ 6 ಪೌಂಡು. ಅಷ್ಟು ಭಾರವಿದ್ದೂ ಅದರಲ್ಲಿ ನುರಿತವರು ಚೆನ್ನಾಗಿ ಗುರಿ ಹೊಡೆದದ್ದು ಬಿಡುಗಡೆಯ ಘಳಿಗೆ ಬೆರಳಿಗೆ ಮೊದಲೇ ತಿಳಿಯುತ್ತಿದ್ದುದರಿಂದ.

ಕರಾವಳಿಯ ವಿಶೇಷ

ಮೇಲ್ಕಂಡ ಘರ್ಷಣೆಯ ಲೆಕ್ಕವು ನಮ್ಮ ಪ್ರದೇಶಕ್ಕೆ ವಿಶೇಷವಾಗಿ ಅನ್ವಯಿಸುತ್ತದೆ. ಇಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಗಂಗೊಳ್ಳಿಯ ಅಳಿವೆಯ ಕಡೆಯಿಂದ ಬೀಸುವ ಗಾಳಿಯಲ್ಲಿ ತೇವದೊಡನೆ ಉಪ್ಪೂ ಇದೆ. ಇದರ ಮೇಲೆ ಕರಿಮದ್ದಿನ ಗುಣವೊಂದು ಸೇರುತ್ತದೆ. ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಈ ಮಿಶ್ರಣ ಉರಿದಾಗ ಹೊಗೆಯೊಡನೆ ಪೊಟ್ಯಾಸಿಯಮ್ಮಿನ ಲವಣಗಳು ಮಸಿಯಾಗಿ ಉಳಿಯುತ್ತವೆ. ಇವು ಗಾಳಿಯ ತೇವವನ್ನು ಹೀರಿಕೊಂಡು ಉಕ್ಕನ್ನು ತುಕ್ಕು ಹಿಡಿಸುತ್ತವೆ. ಮಸಿ ನಳಿಗೆಯಲ್ಲಿ ಮಾತ್ರ ನಿಲ್ಲದೆ ಕುದುರೆಯ ಬುಡದ ಸಂದಿನಿಂದ ಯಂತ್ರದ ಒಳಕ್ಕೂ ಇಳಿಯುತ್ತದೆ.

ಇನ್ನೊಂದು ಕಾರಣ ನಮ್ಮ ಮನೆಗಳಲ್ಲಿಯೇ ಇದೆ. ಕೋವಿಗೆ ತೆಂಗಿನೆಣ್ಣೆ ಹಾಕುವುದು ಇಲ್ಲಿಯ ರೂಢಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಜನವರಿಗಳ ಬೆಳಗಿನ ಜಾವ ಅಡುಗೆಮನೆಯ ಶೀಸೆಯಲ್ಲಿ ನಾವು ಕಾಣುವ ಬೆಳ್ಳಗಿನ ಗಟ್ಟಿ ಕೋವಿಯ ಯಂತ್ರದಲ್ಲಿಯೂ ಆಗುತ್ತದೆ. ಅದು ಧೂಳನ್ನು ಹಿಡಿಯುತ್ತದೆ, ಹಳತಾದಂತೆ ಕನರುತ್ತದೆ. ಒಂದೇ ಕೋವಿಯ ಎಳೆತ ಮಧ್ಯಾಹ್ನಕ್ಕೊಂದು, ಮುಂಜಾನೆಗೊಂದು ಆಗುವುದಕ್ಕೆ ಇದೇ ಸಾಕು. ಚುನಾವಣೆ ಬಂದಾಗ ಪರವಾನಗಿಯ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಬೇಕಾಗಿ ಬರುವುದುಂಟು. ಮಸಿಯನ್ನು ತೊಳೆಯದೆ ಕೊಟ್ಟ ಕೋವಿ ಕೆಲವು ವಾರಗಳ ಮೇಲೆ ಮರಳುವಾಗ ಇನ್ನಷ್ಟು ಗಟ್ಟಿಯಾಗಿರುತ್ತದೆ.

ಅಲ್ಪವೆಚ್ಚದ ಉಪಾಯಗಳು

ಮೊದಲನೆಯ ಉಪಾಯ ಅಳತೆ. ಕೋವಿಯಲ್ಲಿ ಮದ್ದು, ಗುಂಡು, ಕೇಪು ಯಾವುದೂ ಇಲ್ಲವೆಂದು ಪರವಾನಗಿದಾರನೇ ಎರಡು ಬಾರಿ ನೋಡತಕ್ಕದ್ದು. ಕೇಪು ಕೂಡುವ ಉಕ್ಕಿನ ಮೊನೆಯ ಮೇಲೆ ದಪ್ಪ ತೊಗಲಿನ ತುಂಡನ್ನಿಟ್ಟು, ಕೋವಿಯನ್ನು ನಳಿಗೆ ಮೇಲಾಗಿ ನೆಟ್ಟಗೆ ನಿಲ್ಲಿಸಿ, ಕುದುರೆಯನ್ನು ಎಬ್ಬಿಸಿ, ಟ್ರಿಗರಿಗೆ ತಂತಿಯ ಕೊಂಡಿಯಿಂದ ಖಾಲಿ ಬಾಟಲಿಯೊಂದನ್ನು ತೂಗಹಾಕಬೇಕು. ಬಾಟಲಿಗೆ ನೀರನ್ನು ಸಣ್ಣಗೆ ಸುರಿಯುತ್ತಾ ಹೋದರೆ ಒಂದು ಘಳಿಗೆಯಲ್ಲಿ ಕುದುರೆ ಬೀಳುತ್ತದೆ. ಒಂದು ಲೀಟರು ನೀರಿಗೆ ಒಂದು ಕಿಲೋಗ್ರಾಮು. ಅದಕ್ಕೆ ಬಾಟಲಿಯ ತೂಕವನ್ನು ಕೂಡಿಸಿದರೆ ಎಳೆತದ ಭಾರ ಸಿಕ್ಕಿತು. ಹತ್ತು ಸಲ ಅಳೆದು ಸರಾಸರಿಯನ್ನು ಮಾತ್ರವಲ್ಲದೆ ಗರಿಷ್ಠ ಕನಿಷ್ಠಗಳ ಅಂತರವನ್ನೂ ಬರೆದಿಡಬೇಕು. ಅಂತರ ದೊಡ್ಡದಾಗಿದ್ದರೆ ದೋಷವಿರುವುದು ಬಹುಮಟ್ಟಿಗೆ ಕೊಳೆ ತುಕ್ಕುಗಳಲ್ಲಿ ಅಥವಾ ಸವೆದ ಕಚ್ಚಿನಲ್ಲಿ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಇದೇ ಪ್ರಯೋಗವನ್ನು ಮರದ ಸನ್ನೆ ಮತ್ತು ಉಕ್ಕಿನ ಪಟ್ಟಿಗಳ ಮಾದರಿಯಿಂದ ಮಾಡಬಹುದು. ಅಲ್ಲಿಗೆ ಕೋವಿಯನ್ನು ತರುವ ಅಗತ್ಯವೂ ಇಲ್ಲ, ತರಕೂಡದು ಕೂಡ.

ಎರಡನೆಯದು ಶುದ್ಧಿ. ಮದ್ದಿನ ಲವಣಗಳು ನೀರಿನಲ್ಲಿ ಕರಗುತ್ತವೆ, ಎಣ್ಣೆಯಲ್ಲಿ ಕರಗುವುದಿಲ್ಲ. ಆದುದರಿಂದ ತೊಳೆಯದೆ ಎಣ್ಣೆ ಸವರುವುದೆಂದರೆ ಶತ್ರುವನ್ನು ಒಳಗಿಟ್ಟು ಬಾಗಿಲು ಹಾಕಿದಂತೆ. ನಳಿಗೆಯನ್ನು ಬಿಸಿನೀರಿನಿಂದ ತೊಳೆದು, ಯಂತ್ರದ ಮಸಿಯನ್ನು ಒದ್ದೆ ಬಟ್ಟೆಯಿಂದ ಒರಸಿ, ಪೂರ್ಣವಾಗಿ ಒಣಗಿಸಿ, ಹೊಲಿಗೆಯಂತ್ರದ ತೆಳು ಎಣ್ಣೆಯನ್ನು ಒಂದೆರಡು ತೊಟ್ಟು ಮಾತ್ರ ಹಾಕಬೇಕು. ಮಳೆಗಾಲ ಮುಗಿದೊಡನೆ ಬರುವ ಆಯುಧಪೂಜೆಗೆ ಕೋವಿಯನ್ನು ಹೊರತೆಗೆಯುವ ಪದ್ಧತಿ ಇದಕ್ಕೆ ಒದಗಿಬಂದ ಮುಹೂರ್ತ. ಕುಂಕುಮವಿಡುವುದಕ್ಕೆ ಮುನ್ನ ಈ ಕೆಲಸ ನಡೆದರೆ ಕೊಯ್ಲಿನ ಕಾಲಕ್ಕೆ ಕೋವಿ ಸಿದ್ಧವಾಗಿರುತ್ತದೆ. ಇದರ ವೆಚ್ಚ ಎಣ್ಣೆಯ ಒಂದು ಶೀಸೆಯ ಬೆಲೆಗಿಂತ ಹೆಚ್ಚಲ್ಲ.

ಮೂರನೆಯದು ಬೆರಳಿನ ಶಿಕ್ಷಣ. ಖಾಲಿ ಕೋವಿಯ ನಳಿಗೆಯ ಮೇಲೆ ನಾಣ್ಯವೊಂದನ್ನಿಟ್ಟು, ಅದು ಬೀಳದಂತೆ ಟ್ರಿಗರನ್ನು ಎಳೆಯುವ ಅಭ್ಯಾಸ ಬಹಳ ಹಳೆಯದು. ಬೆರಳಿನ ತುದಿಯ ಮೆತ್ತೆಯಿಂದ, ನೇರ ಹಿಂದಕ್ಕೆ, ನಿಧಾನವಾಗಿ ಬಲವನ್ನು ಏರಿಸಬೇಕು. ದಿನಕ್ಕೆ ಹತ್ತು ನಿಮಿಷದಂತೆ ಕೆಲವು ವಾರ ಹೀಗೆ ಮಾಡಿದವನಿಗೆ ಎರಡು ಕಿಲೋಗ್ರಾಮಿನ ಎಳೆತ ಭಾರವೆನಿಸದು.

ಎಲ್ಲೆ ಎಲ್ಲಿ?

ಇಷ್ಟರಿಂದ ತೃಪ್ತರಾಗದವರು ಅರ, ಉಜ್ಜುಗಲ್ಲುಗಳ ಮೊರೆ ಹೋಗುವುದುಂಟು. ಇಲ್ಲಿಯೇ ಅಪಾಯವಿರುವುದು. ತಡೆಕೊಕ್ಕೆಯೂ ಕಚ್ಚೂ ಕೂಡುವ ಮುಖದ ಓರೆ ಮೂರು ಬಗೆಯಾಗಿರಬಹುದು. ಟ್ರಿಗರ್ ಎಳೆಯುವಾಗ ಕುದುರೆ ಕೂದಲೆಳೆಯಷ್ಟು ಹಿಂದಕ್ಕೆ ಸರಿದು ಆಮೇಲೆ ಬಿಡುಗಡೆಯಾಗುವಂತಿದ್ದರೆ ಸ್ಪ್ರಿಂಗಿನ ಬಲವೇ ಕೊಕ್ಕೆಯನ್ನು ಕಚ್ಚಿನೊಳಕ್ಕೆ ಸೆಳೆಯುತ್ತಿರುತ್ತದೆ, ಇದು ಕ್ಷೇಮಕರ. ಓರೆಯಿಲ್ಲದಿದ್ದರೆ ಘರ್ಷಣೆಯೊಂದೇ ಆಧಾರ. ಓರೆ ವಿರುದ್ಧವಾಗಿದ್ದರೆ ಸ್ಪ್ರಿಂಗಿನ ಬಲವೇ ಕೊಕ್ಕೆಯನ್ನು ಹೊರಕ್ಕೆ ತಳ್ಳುತ್ತದೆ. ಕೋವಿ ನೆಲಕ್ಕೆ ತಾಗಿದರೆ, ಬೇಲಿ ದಾಟುವಾಗ ಕುಲುಕಿದರೆ, ಬೆರಳಿಲ್ಲದೆಯೇ ಈಡು ಹಾರಬಹುದು. ಮೊದಲನೆಯ ಬಗೆ ಮೂರನೆಯದಾಗಲು ಅರದ ನಾಲ್ಕು ಎಳೆತ ಸಾಕು. ಹಳೆಯ ಕೋವಿಗಳಲ್ಲಿ ಕುದುರೆಯನ್ನು ಅರ್ಧಕ್ಕೆ ನಿಲ್ಲಿಸುವ ಅರೆಕಚ್ಚೇ ಬಹುಮಟ್ಟಿಗೆ ಏಕೈಕ ರಕ್ಷಣೆ. ಕೊಕ್ಕೆಯ ಮೊನೆ ಮೊಂಡಾದರೆ ಅದೂ ಹೋಯಿತು. ಇದಲ್ಲದೆ ಈ ತುಂಡುಗಳ ಗಡಸುತನ ಎಷ್ಟೋ ವೇಳೆ ಹೊರಚರ್ಮದಷ್ಟು ತೆಳುವಾದ ಪದರದಲ್ಲಿ ಮಾತ್ರ ಇರುತ್ತದೆ. ಅದನ್ನು ಉಜ್ಜಿ ತೆಗೆದರೆ ಒಳಗಿನ ಮೆದು ಲೋಹ ಬೇಗ ಸವೆದು, ಇಂದು ಇಂಪಾಗಿದ್ದ ಎಳೆತ ಮುಂದಿನ ವರ್ಷ ಅಪಾಯಕಾರಿಯಾಗುತ್ತದೆ. ಮುಖ್ಯ ಸ್ಪ್ರಿಂಗನ್ನು ಸಡಿಲಿಸಿದರೆ ಕುದುರೆಯ ಹೊಡೆತ ಕುಂದಿ ಕೇಪು ಹೊತ್ತದೆ ಹೋಗಬಹುದು; ತುಂಬಿಯೂ ಹಾರದ ಕೋವಿ ತುಂಬದ ಕೋವಿಗಿಂತ ಭಯಂಕರ.

ಅರೆಸ್ವಯಂಚಾಲಿತ ರೈಫಲಿನಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ಅರ್ಥವಿದೆ. ಅಮೆರಿಕದ ಸೇನೆ 1936ರಲ್ಲಿ ಅಂಗೀಕರಿಸಿದ ಗ್ಯಾರಂಡ್ ರೈಫಲಾಗಲಿ, ಈಶಾಪುರದ ಕಾರ್ಖಾನೆಯಲ್ಲಿ ತಯಾರಾಗಿ ನಮ್ಮ ಸೇನೆ 1960ರ ದಶಕದಿಂದ ಬಳಸಿದ 7.62 ಮಿಲಿಮೀಟರಿನ ಸೆಲ್ಫ್ ಲೋಡಿಂಗ್ ರೈಫಲಾಗಲಿ, ಒಂದು ಗುಂಡು ಹಾರಿದೊಡನೆ ತಾನೇ ಮತ್ತೊಂದನ್ನು ತುಂಬಿಕೊಂಡು ಕುದುರೆಯನ್ನು ಎಬ್ಬಿಸುತ್ತದೆ. ಇದೆಲ್ಲ ಬೆರಳು ಸಡಿಲಾಗುವ ಮುನ್ನವೇ ಮುಗಿಯುತ್ತದೆ. ಆದುದರಿಂದ ಬೆರಳು ಎಳೆದೇ ಇದ್ದರೂ ಕುದುರೆಯನ್ನು ಹಿಡಿದು ನಿಲ್ಲಿಸುವ ಎರಡನೆಯ ತಡೆಯೊಂದು ಅಲ್ಲಿರಬೇಕು. ಅದರ ಮುಖವನ್ನು ಅರಿಯದೆ ಉಜ್ಜಿದರೆ ಒಂದು ಎಳೆತಕ್ಕೆ ಎರಡು ಮೂರು ಗುಂಡುಗಳು ಹಾರಬಹುದು. ಟ್ರಿಗರನ್ನು ಒತ್ತಿ ಹಿಡಿದಷ್ಟು ಹೊತ್ತು ಹಾರುತ್ತಲೇ ಇರುವಂತೆ ಮಾಡಿದ ಆಯುಧವನ್ನು ಆಯುಧ ಕಾಯಿದೆ ನಿಷಿದ್ಧ ವರ್ಗಕ್ಕೆ ಸೇರಿಸುತ್ತದೆ. ಕಾಯಿದೆಯ ವ್ಯಾಖ್ಯೆಯೂ ಟ್ರಿಗರನ್ನೇ ಹಿಡಿದು ನಿಂತಿರುವುದು ಗಮನಾರ್ಹ. ಕೋವಿಯ ಮಾರ್ಪಾಟಿಗೂ ರಿಪೇರಿಗೂ ಅದೇ ಕಾಯಿದೆಯ 5ನೆಯ ಪ್ರಕರಣದಂತೆ ಬೇರೆಯೇ ಪರವಾನಗಿ ಬೇಕು. ಅರ ಹಿಡಿಯುವ ಕೆಲಸವನ್ನು ಅಂಥ ಪರವಾನಗಿಯುಳ್ಳ ಕುಶಲಕರ್ಮಿಗೆ ಬಿಡುವುದೇ ಸರಿ.

ಹಗುರವಾದ ಎಳೆತವನ್ನೇ ಗುರಿಯಾಗಿ ಇಟ್ಟುಕೊಂಡ ಕ್ರೀಡೆಯಲ್ಲಿಯೂ ಮಿತಿಗಳಿವೆ. ಅಂತರರಾಷ್ಟ್ರೀಯ ನಿಯಮಗಳಲ್ಲಿ 10 ಮೀಟರಿನ ಏರ್ ಪಿಸ್ತೂಲಿಗೆ ಕನಿಷ್ಠ 500 ಗ್ರಾಮು, 25 ಮೀಟರಿನ ಪಿಸ್ತೂಲಿಗೆ 1000 ಗ್ರಾಮು, 300 ಮೀಟರಿನ ಸ್ಟ್ಯಾಂಡರ್ಡ್ ರೈಫಲಿಗೆ 1500 ಗ್ರಾಮು ಎಂದು ನಿಗದಿಯಾಗಿದೆ. ಕಾವಲಿರುವ ಅಂಗಳದಲ್ಲಿ, ಹಗಲಿನಲ್ಲಿ, ನಿಂತ ನೆಲದಲ್ಲಿ ಹೊಡೆಯುವವರಿಗೇ ಈ ಎಚ್ಚರ ಬೇಕಾದರೆ, ರಾತ್ರಿ ಗದ್ದೆಯ ಹುಣಿಯ ಮೇಲೆ ಜಾರುತ್ತಾ ನಡೆಯುವ ರೈತನಿಗೆ ಎಷ್ಟು ಬೇಡ?

ಬೆಳೆ ಕಾಯುವ ಕೋವಿಗೆ ಬೇಟೆಯ ಅಧಿಕಾರವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದನ್ನು ತಡೆದಿದೆ. ಸದ್ದಿನಿಂದ ಪ್ರಾಣಿಯನ್ನು ಬೆದರಿಸುವುದೇ ಅದರ ಕೆಲಸ. ಆ ಕೆಲಸಕ್ಕೆ ಕೂದಲೆಳೆಯಂಥ ಟ್ರಿಗರು ಬೇಕಾಗಿಲ್ಲ. ಬೇಕೆಂದಾಗ ತಪ್ಪದೆ ಹಾರುವ, ಬೇಡವೆಂದಾಗ ಎಂದಿಗೂ ಹಾರದ ಟ್ರಿಗರು ಬೇಕು. ಅದು ಬಿಸಿನೀರು, ತೆಳು ಎಣ್ಣೆ, ಒಂದು ನಾಣ್ಯ, ಸ್ವಲ್ಪ ತಾಳ್ಮೆ ಇವುಗಳಿಂದಲೇ ಬಹುಮಟ್ಟಿಗೆ ದೊರೆಯುತ್ತದೆ. ಅದಕ್ಕೆ ಮೀರಿದ ಹಗುರವನ್ನು ಅಗ್ಗಕ್ಕೆ ಪಡೆಯಹೋದರೆ ಅದರ ಬೆಲೆಯನ್ನು ತೆರಬೇಕಾಗಿ ಬರುವುದು ಬೇರೆ ಕಡೆಯಲ್ಲಿ.