ಆರೋಪಿ ಪರ ವಕೀಲರು ನಿಲ್ಲಬಾರದೇ? ಕೋರ್ಟುಗಳು ಹೇಳಿದ್ದೇನು

ಪೆನುಕೊಂಡ: ಊರನ್ನೇ ನಡುಗಿಸುವ ಕೊಲೆಯೋ ಅತ್ಯಾಚಾರವೋ ನಡೆದಾಗ, 'ಆರೋಪಿ ಪರ ಯಾರೂ ವಕಾಲತ್ತು ಹಾಕಬಾರದು' ಎಂದು ವಕೀಲರ ಸಂಘಗಳು ನಿರ್ಣಯ ಮಾಡುವುದುಂಟು. ಜನರೂ ಭೇಷ್ ಎನ್ನುತ್ತಾರೆ. ಆದರೆ ಇಂಥ ನಿರ್ಣಯಕ್ಕೆ ಕಾನೂನಿನಲ್ಲಿ ಕವಡೆ ಕಿಮ್ಮತ್ತಿಲ್ಲ.

2010ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿತು. ವಕೀಲರೊಂದಿಗಿನ ಜಟಾಪಟಿಯಲ್ಲಿ ಆರೋಪಿಗಳಾದ ಪೊಲೀಸರ ಪರ ಯಾರೂ ವಾದಿಸಬಾರದೆಂದು ಕೊಯಮತ್ತೂರಿನ ಸಂಘ ತೀರ್ಮಾನಿಸಿತ್ತು. ಅದು ಸಂವಿಧಾನಕ್ಕೂ ವೃತ್ತಿಧರ್ಮಕ್ಕೂ ವಿರುದ್ಧ ಎಂದಿತು ಪೀಠ. 2020ರಲ್ಲಿ ಹುಬ್ಬಳ್ಳಿ ಸಂಘವೂ ಅದೇ ದಾರಿ ಹಿಡಿಯಿತು. ದೇಶದ್ರೋಹದ ಆರೋಪ ಹೊತ್ತ ಕಾಶ್ಮೀರಿ ವಿದ್ಯಾರ್ಥಿಗಳಿಗೆ ವಕೀಲರಿಲ್ಲದಂತಾಗಿ, ವಿಷಯ ಕರ್ನಾಟಕ ಹೈಕೋರ್ಟ್ ಮೆಟ್ಟಿಲೇರಿತು. ಕೊನೆಗೆ ಸಂಘವೇ ಹಿಂದೆ ಸರಿಯಿತು.

'ತಪ್ಪು ಮಾಡಿದವನಿಗೆ ವಕೀಲರೇಕೆ?' ಎನ್ನುವವರು ಮಧ್ಯಪ್ರದೇಶದ ಖಂಡ್ವಾ ಪ್ರಕರಣ ನೋಡಬೇಕು. ಬಾಲಕಿಯೊಬ್ಬಳ ಅತ್ಯಾಚಾರ, ಕೊಲೆ. 2013ರ ಫೆಬ್ರವರಿ 19ರಂದು ಆರೋಪಿಗೆ ಸರ್ಕಾರಿ ಖರ್ಚಿನ ವಕೀಲರ ನೇಮಕ; ದೋಷಾರೋಪ ಹೊರಿಸಿದ್ದೂ ಅಂದೇ. ವಕೀಲರಿಗೆ ಕಡತ ಓದಲೂ ಪುರುಸೊತ್ತಿಲ್ಲ. ಎರಡೇ ವಾರದಲ್ಲಿ ಗಲ್ಲು! 2019ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪು ರದ್ದುಮಾಡಿ ಮರುವಿಚಾರಣೆಗೆ ಆದೇಶಿಸಿತು. ಗಲ್ಲು ಅಥವಾ ಜೀವಾವಧಿ ಶಿಕ್ಷೆಯ ಸಾಧ್ಯತೆಯಿರುವ ಕೇಸುಗಳಲ್ಲಿ ಕೋರ್ಟು ನೇಮಿಸುವ ವಕೀಲರಿಗೆ ಕನಿಷ್ಠ 10 ವರ್ಷದ ಅನುಭವವಿರಬೇಕು, ತಯಾರಿಗೆ ಸಾಮಾನ್ಯವಾಗಿ 7 ದಿನವಾದರೂ ಕೊಡಬೇಕು ಎಂದೂ ವಿಧಿಸಿತು. 2024ರಲ್ಲಿ ಆತ ಖುಲಾಸೆಯಾದ. ಅಷ್ಟರಲ್ಲಿ 11 ವರ್ಷ ಜೈಲಿನಲ್ಲಿ ಕಳೆದಿತ್ತು.

ನಮ್ಮ ಗಡಿಯ ಕಥೆಯೇ ಬೇರೆ. ಪಾವಗಡದಲ್ಲಿ ಕೇಸಾದರೆ ಕನ್ನಡ, ಪೆನುಕೊಂಡ, ಹಿಂದೂಪುರದಲ್ಲಾದರೆ ತೆಲುಗು. ಎರಡೂ ಮಾತಾಡುವವರಿಗೂ ಕೋರ್ಟಿನ ತೆಲುಗು ಕಬ್ಬಿಣದ ಕಡಲೆಯೇ. ಸಾಕ್ಷಿ ಹೇಳಿದ್ದು ಆರೋಪಿಗೆ ತಿಳಿಯದ ಭಾಷೆಯಲ್ಲಿದ್ದರೆ, ತಿಳಿಯುವ ಭಾಷೆಯಲ್ಲಿ ಅಲ್ಲೇ ಹೇಳಿಸಬೇಕೆಂದು ಕಾನೂನಿದೆ. ಕೇಳಿಕೊಳ್ಳಬೇಕು, ಅಷ್ಟೆ.

ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಮೊದಲ ಸಲ ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗಲೇ ಈ ಹಕ್ಕು ಹುಟ್ಟುತ್ತದೆ ಎಂದು 2012ರಲ್ಲಿ ಕಸಬ್ ಪ್ರಕರಣದಲ್ಲೇ ತೀರ್ಪಾಗಿದೆ. ಮನೆಯವರು 15100ಕ್ಕೆ ಫೋನ್ ಮಾಡಿ ವಿಚಾರಿಸಬಹುದು.

ಇನ್ನು ಫೀಸು ಬಾಕಿಯೆಂದು ವಕೀಲರು ಕೇಸಿನ ಕಾಗದಪತ್ರ ಹಿಡಿದಿಟ್ಟುಕೊಂಡರೆ? ಹಾಗೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಫೀಸಿಗೆ ಅವರು ಬೇರೆ ದಾವೆ ಹೂಡಿಕೊಳ್ಳಲಿ. ದೂರು ಕೊಡಬೇಕಾದ್ದು ಆ ವಕೀಲರು ಹೆಸರು ನೋಂದಾಯಿಸಿರುವ ರಾಜ್ಯದ ವಕೀಲರ ಪರಿಷತ್ತಿಗೆ. ಕಕ್ಷಿದಾರ ಗಡಿಯ ಯಾವ ಕಡೆಯವನಾದರೂ ಸರಿ.