ಬೆನ್ನಿಗೆ ಗಾಳಿ, ಕೈಯಲ್ಲಿ ಹುಟ್ಟು

ನಮ್ಮ ಹುಬ್ಬಳ್ಳಿ-ಧಾರವಾಡ ಅವಳಿ ನಗರವು ಎರಡು ಕಡಲುಗಳಿಗೆ ನೀರು ಹಂಚುವ ದಿಬ್ಬದ ಮೇಲೆ ನೆಲೆಸಿದ ಊರು. ಧಾರವಾಡದ ಸೋಮೇಶ್ವರ ಗುಡಿಯ ಬಳಿ ಉದಿಸುವ ಶಾಲ್ಮಲೆಯು ಪಡುವಣಕ್ಕೆ ಹರಿದು, ಬೇಡ್ತಿಯೊಡನೆ ಕೂಡಿ, ಮುಂದೆ ಗಂಗಾವಳಿ ಎಂಬ ಹೆಸರಿನಿಂದ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಮೂಡಣದ ಎರೆಹೊಲಗಳ ನೀರಾದರೋ ಬೆಣ್ಣಿಹಳ್ಳದ ಪಾಲಾಗಿ, ಮಲಪ್ರಭೆ ಮತ್ತು ಕೃಷ್ಣೆಯರ ಮೂಲಕ ಬಂಗಾಳ ಕೊಲ್ಲಿಗೆ ಸಲ್ಲುತ್ತದೆ. ಇಷ್ಟಾದರೂ ಊರ ನಡುವೆ ತುಂಬಿ ಹರಿಯುವ ಹೊಳೆಯೊಂದು ನಮಗಿಲ್ಲ. ಉಣಕಲ್ ಕೆರೆಯ ದೋಣಿ ಮತ್ತು ಶ್ರಾವಣದಲ್ಲಿ ಸಿದ್ಧಾರೂಢ ಮಠದಲ್ಲಿ ಜರುಗುವ ತೆಪ್ಪದ ತೇರು, ಇವೇ ನಮ್ಮ ಮಕ್ಕಳು ಕಂಡ ಜಲಯಾನ. ಹೀಗಾಗಿ ನೀರೆಂದರೆ ನಮ್ಮ ಮನೆತನಗಳಲ್ಲಿ ಭಕ್ತಿಯೂ ಉಂಟು, ಭಯವೂ ಉಂಟು.

ಈ ಭಯದ ಮಾತನ್ನು ಇಲ್ಲಿ ಎತ್ತಲು ಕಾರಣವಿದೆ. ಎರಡು ವರ್ಷಗಳ ಹಿಂದೆ ಹುಬ್ಬಳ್ಳಿಯ ಭಕ್ತರೊಬ್ಬರ ಮನೆಯಲ್ಲಿ ಒಂದು ಚರ್ಚೆ ಎದ್ದಿತು. ಕಾಲೇಜಿನಲ್ಲಿ ಓದುವ ಮೊಮ್ಮಗಳು ದಕ್ಷಿಣ ಕನ್ನಡದ ಮೂಲ್ಕಿಗೆ ಹೋಗಿ, ಅಲ್ಲಿಯ ಶಾಂಭವಿ ನದಿಯಲ್ಲಿ ಹಲಗೆಯ ಮೇಲೆ ನಿಂತು ಹುಟ್ಟುಹಾಕುವ ಕ್ರೀಡೆಯನ್ನು ಕಲಿಯುವೆನೆಂದು ಹಟ ಹಿಡಿದಿದ್ದಳು. ತಂದೆ ಒಪ್ಪಿದರು, ತಾಯಿ ಸುಮ್ಮನಾದರು, ಅಜ್ಜಿ ಮಾತ್ರ ಒಪ್ಪಲಿಲ್ಲ. ಮನೆಯ ಹಿರಿಯರ ಸಮಾಧಾನಕ್ಕಾಗಿ ನಮ್ಮನ್ನು ಕರೆಸಿದರು. ಆ ತಾಯಿ ನಮ್ಮೆದುರು ಕುಳಿತು ಹೇಳಿದ್ದು ಇಷ್ಟೆ: “ಅಯ್ಯಾರ, ಹೊಳಿ ಒಮ್ಮೆ ನಮ್ಮ ಮನಿ ಹೊಕ್ಕೈತ್ರಿ. ಮತ್ತ ಅದನ್ನ ಕರ್ಯೂದು ಬ್ಯಾಡ್ರಿ.” ನವಿಲುತೀರ್ಥದ ಅಣೆಕಟ್ಟು ಆಗುವುದಕ್ಕೆ ಮುಂಚೆ, ತುಂಬಿದ ಮಲಪ್ರಭೆಯನ್ನು ದಾಟುವಾಗ ಅವರ ಅಣ್ಣ ನೀರುಪಾಲಾಗಿದ್ದನು. ಅವನಿಗೆ ಈಜು ಬರುತ್ತಿರಲಿಲ್ಲ.

ಅಂದು ನಾವು ಯಾವ ತೀರ್ಮಾನವನ್ನೂ ಹೇಳಲಿಲ್ಲ. ಅರಿಯದ ವಿಷಯದಲ್ಲಿ ಅಭಿಪ್ರಾಯ ಕೊಡಬಾರದೆಂಬುದು ಮಠದ ಪಾಠಶಾಲೆಯಲ್ಲಿ ನಾವು ಕಲಿತ ಮೊದಲ ಶಿಸ್ತು. ಆದ್ದರಿಂದ ಈ ಕ್ರೀಡೆಯ ಸ್ವರೂಪವೇನು, ಅಪಾಯವೆಲ್ಲಿದೆ, ರಕ್ಷಣೆಯೆಲ್ಲಿದೆ ಎಂಬುದನ್ನು ಮೊದಲು ತಿಳಿದುಕೊಂಡೆವು. ಹಾಗೆ ತಿಳಿದುಬಂದುದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಹಲಗೆಯೂ ಹರಿಗೋಲೂ

ಪ್ಯಾಡಲ್ ಬೋರ್ಡ್ ಎಂದು ಕರೆಯುವ ಈ ಹಲಗೆ ಸಾಮಾನ್ಯವಾಗಿ ೧೦-೧೧ ಅಡಿ ಉದ್ದ, ಎರಡೂವರೆ ಅಡಿ ಅಗಲವಿರುತ್ತದೆ. ಅಡಿಯಲ್ಲಿ ಮೀನಿನ ರೆಕ್ಕೆಯಂತಹ ಒಂದು ಪಟ್ಟಿ ಇರುವುದರಿಂದ ಅದು ನೇರವಾಗಿ ಸಾಗುತ್ತದೆ. ಹುಟ್ಟು ಆಳಿಗಿಂತ ಸುಮಾರು ಒಂದು ಗೇಣು ಎತ್ತರ. ಹವಾಯಿ ದ್ವೀಪದ ವೈಕಿಕಿ ಕಡಲತೀರದಲ್ಲಿ ೧೯೪೦ರ ದಶಕದ ವೇಳೆಗೆ ಅಲೆಗಾರಿಕೆ ಕಲಿಸುತ್ತಿದ್ದವರು ಹೀಗೆ ನಿಂತು ಹುಟ್ಟುಹಾಕುತ್ತಿದ್ದರು. ೨೦೦೦ದ ಈಚೆಗೆ ಅದು ಮತ್ತೆ ಬಳಕೆಗೆ ಬಂದು ಲೋಕದಲ್ಲೆಲ್ಲ ಹರಡಿತು.

ಆದರೆ ನೀರಿನ ಮೇಲೆ ನಿಂತು ಹುಟ್ಟುಹಾಕುವವನು ಕನ್ನಡ ನಾಡಿಗೆ ಹೊಸಬನೆ? ತುಂಗಭದ್ರೆಯ ಹರಿಗೋಲನ್ನು ಕಂಡವರು ಹಾಗೆನ್ನಲಾರರು. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಾದ, ಹೊರಗೆ ತೊಗಲು ಹೊದಿಸಿದ ದೋಣಿಗಳನ್ನು ಕಂಡು ಬರೆದಿದ್ದಾನೆ. ಅವು ಹದಿನೈದು-ಇಪ್ಪತ್ತು ಮಂದಿಯನ್ನು ಹೊರಬಲ್ಲವಾದರೂ ನೇರ ಸಾಗದೆ ಸುತ್ತುತ್ತಲೇ ಹೋಗುವುದು ಅವನಿಗೆ ವಿಸ್ಮಯ ತಂದಿತ್ತು. ಸುತ್ತುವ ಬುಟ್ಟಿಯನ್ನು ಆಚೆಯ ದಡದ ಗುರುತಿಗೆ ಮುಟ್ಟಿಸುವುದೇ ಅಂಬಿಗನ ವಿದ್ಯೆ.

ಆ ವಿದ್ಯೆಯವರಿಗೆ ಶರಣಧರ್ಮವು ಎಂತಹ ಸ್ಥಾನವನ್ನಿತ್ತಿತೆಂಬುದು ನಮ್ಮ ಓದುಗರಿಗೆ ವಿದಿತವೇ ಇದೆ. ಬಸವಣ್ಣನವರ ಸಮಕಾಲೀನರಾದ ಅಂಬಿಗರ ಚೌಡಯ್ಯನವರು ಇಂದಿನ ಹಾವೇರಿ ಜಿಲ್ಲೆಯ ಚೌಡಯ್ಯದಾನಪುರದ ಹೊಳೆಯ ದಂಡೆಯವರು. ಅನ್ಯ ಶರಣರು ಇಷ್ಟದೈವದ ಹೆಸರನ್ನು ವಚನದ ಅಂಕಿತವಾಗಿರಿಸಿಕೊಂಡರೆ, ಚೌಡಯ್ಯನವರು ಕಾಯಕದೊಡನೆ ಕೂಡಿದ ತಮ್ಮ ಹೆಸರನ್ನೇ ಅಂಕಿತ ಮಾಡಿದರು. ಅವರ ಜಯಂತಿಯನ್ನು ಪ್ರತಿವರ್ಷ ಜನವರಿ ೨೧ರಂದು ಆಚರಿಸುತ್ತೇವೆ. ಆದರೆ ಅಂಬಿಗರ ನೀರಿನ ಅರಿವನ್ನು ನಮ್ಮ ಮಕ್ಕಳಿಗೆ ಕಲಿಸಲು ಎಷ್ಟು ಮನೆಗಳು ಮನಸ್ಸು ಮಾಡಿವೆ?

ಗಾಳಿಯ ದಾರಿ

ಈ ಕ್ರೀಡೆಯಲ್ಲಿ ಹಲವು ಬಗೆಗಳುಂಟು. ಅವುಗಳಲ್ಲಿ ಗಾಳಿಯನ್ನು ಬೆನ್ನಿಗೆ ಇಟ್ಟುಕೊಂಡು ದೂರ ಸಾಗುವ ಬಗೆಯೇ ಆ ಹುಡುಗಿಯನ್ನು ಸೆಳೆದದ್ದು. ಗಾಳಿ ಗಂಟೆಗೆ ೨೫-೩೦ ಕಿಲೋಮೀಟರ್ ವೇಗದಲ್ಲಿ ಒಂದೇ ದಿಕ್ಕಿಗೆ ಬೀಸುತ್ತಿದ್ದರೆ ನೀರಿನ ಮೇಲೆ ಸಾಲುಸಾಲಾಗಿ ಅಲೆಗಳು ಏಳುತ್ತವೆ. ಅಲೆಯೊಂದು ಹಲಗೆಯ ಹಿಂಬದಿಯನ್ನು ಎತ್ತಿದ ಕ್ಷಣದಲ್ಲಿ ಮೂರು-ನಾಲ್ಕು ಸಲ ಬಿರುಸಾಗಿ ಹುಟ್ಟುಹಾಕಿದರೆ, ಹಲಗೆ ಅಲೆಯ ಇಳಿಜಾರಿನಲ್ಲಿ ತಾನಾಗಿ ಜಾರುತ್ತದೆ. ಆಗ ಹುಟ್ಟಿಗೆ ವಿಶ್ರಾಂತಿ. ಹಿಂದೆ ಬರುವ ಅಲೆಯನ್ನು ತಿರುಗಿ ನೋಡದೆ, ಮುಂದಿನ ತಗ್ಗನ್ನು ನೋಡಿ ಹಲಗೆಯನ್ನು ಅತ್ತ ತಿರುಗಿಸಬೇಕು. ಅಲೆ ಏಳುವ ಮುನ್ನ ಎಷ್ಟು ಬಲ ಹಾಕಿದರೂ ದಣಿವಷ್ಟೇ ಉಳಿಯುತ್ತದೆ. ಎದ್ದಾಗ ಸುಮ್ಮನಿದ್ದರೆ ಅದು ನಮ್ಮನ್ನು ಬಿಟ್ಟು ಮುಂದೆ ಹೋಗುತ್ತದೆ. ಪ್ರಸಾದಕ್ಕೂ ಕಾಯಕಕ್ಕೂ ಇರುವ ಸಂಬಂಧವನ್ನು ಬಲ್ಲವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಗಾಳಿಯ ದಾರಿಯೂ ನದಿಯ ದಾರಿಯೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಅಮೆರಿಕದ ಒರೆಗಾನ್ ಮತ್ತು ವಾಷಿಂಗ್ಟನ್ ರಾಜ್ಯಗಳ ಗಡಿಯಲ್ಲಿ ಹರಿಯುವ ಕೊಲಂಬಿಯಾ ನದಿಯು ಈ ಕ್ರೀಡೆಗೆ ಲೋಕಪ್ರಸಿದ್ಧ. ನದಿ ಪಶ್ಚಿಮದ ಕಡಲಿನತ್ತ ಹರಿದರೆ, ಬೇಸಗೆಯ ಗಾಳಿ ಕಡಲಿನಿಂದ ಪೂರ್ವಕ್ಕೆ, ಕಣಿವೆಯೊಳಗೆ ನುಗ್ಗುತ್ತದೆ. ಎದುರು ಪ್ರವಾಹಕ್ಕೆ ಸಿಕ್ಕ ಅಲೆಗಳು ಒತ್ತೊತ್ತಾಗಿ, ಕಡಿದಾಗಿ ಏಳುತ್ತವೆ. ವಿಯೆಂಟೊ ಎಂಬಲ್ಲಿಂದ ಹುಡ್ ರಿವರ್ ಎಂಬ ಊರಿನವರೆಗೆ ಸುಮಾರು ೮ ಮೈಲಿ ದೂರವನ್ನು ಪಟುಗಳು ಹೀಗೆ ಪ್ರವಾಹಕ್ಕೆ ಎದುರಾಗಿ, ಗಾಳಿಯ ಬಲದಿಂದ ಕ್ರಮಿಸುತ್ತಾರೆ.

ನಮ್ಮ ಕರಾವಳಿಯ ಪಡುವಣ ಹೊಳೆಗಳಲ್ಲಿಯೂ ಇದೇ ವ್ಯವಸ್ಥೆಯ ಸೌಮ್ಯರೂಪವನ್ನು ಕಾಣಬಹುದು. ಹಗಲು ನೆಲವು ಕಡಲಿಗಿಂತ ಬೇಗ ಕಾಯುವುದರಿಂದ, ಕಾದ ಗಾಳಿ ಮೇಲೇರಿ, ಮಧ್ಯಾಹ್ನದ ಹೊತ್ತಿಗೆ ಕಡಲಿನ ತಂಗಾಳಿ ಒಳನಾಡಿಗೆ ಬೀಸತೊಡಗುತ್ತದೆ. ನದಿ ಕಡಲಿಗೆ, ಗಾಳಿ ಘಟ್ಟಕ್ಕೆ. ಇರುಳು ಕಳೆದು ಬೆಳಗಾಗುವ ಹೊತ್ತಿನಲ್ಲಿ ಇದು ತಿರುವುಮುರುವಾಗಿ, ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಆಗ ಕಡಲ ಇಳಿತವೂ ಕೂಡಿದರೆ, ಅಳಿವೆಯ ಬಳಿ ಇರುವ ಹಲಗೆ ಕಡಲಿನತ್ತ ಸಾಗಿಬಿಡುವ ಅಪಾಯವಿದೆ. ಗಾಳಿಯ ವೇಳೆಯನ್ನು ಅರಿಯದೆ ನೀರಿಗಿಳಿಯಬಾರದೆಂದು ತಿಳಿದವರು ಹೇಳುವುದು ಇದಕ್ಕಾಗಿಯೇ.

ಉಳವಿ ಚನ್ನಬಸವಣ್ಣನವರ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುವ ನಮ್ಮ ಭಾಗದ ಭಕ್ತರು, ಸಮೀಪದ ಕಾಳಿ ನದಿಯನ್ನು ಬಿಟ್ಟು ಮೂಲ್ಕಿಯವರೆಗೆ ಹೋಗುವುದೇಕೆಂದು ಕೇಳಬಹುದು. ದಾಂಡೇಲಿ, ಗಣೇಶಗುಡಿಗಳ ಕಡೆ ಕಾಳಿಯಲ್ಲಿ ಬಂಡೆಗಳೂ ರಭಸವೂ ಹೆಚ್ಚು. ಸೂಪಾದ ವಿದ್ಯುದಾಗಾರದಿಂದ ಬಿಡುವ ನೀರಿಗೆ ತಕ್ಕಂತೆ ಹೊಳೆ ಏರಿಳಿಯುತ್ತದೆ. ಅದು ಬೇರೆಯ ವಿದ್ಯೆ. ಶಾಂಭವಿಯಾದರೋ ನಂದಿನಿಯೊಡನೆ ಕೂಡಿ ಕಡಲು ಸೇರುವ ಮುನ್ನ ಅಗಲವಾಗಿ, ನಿಧಾನವಾಗಿ ಹರಿಯುವ ಹೊಳೆ. ಮೂಲ್ಕಿಯಲ್ಲಿ, ಅಮೆರಿಕದಿಂದ ಬಂದು ನೆಲೆಸಿದ ಸಂನ್ಯಾಸಿಯೊಬ್ಬರ ಆಶ್ರಮದಲ್ಲಿ ೨೦೦೪ರಲ್ಲಿ ಮಂತ್ರ ಸರ್ಫ್ ಕ್ಲಬ್ ಆರಂಭವಾಯಿತು. ಸಮೀಪದ ಸಸಿಹಿತ್ಲು ತೀರದಲ್ಲಿ ೨೦೨೪ರ ಮಾರ್ಚ್ ತಿಂಗಳಿನಲ್ಲಿ ಈ ಕ್ರೀಡೆಯ ಅಂತರರಾಷ್ಟ್ರೀಯ ಸ್ಪರ್ಧೆಯೇ ಜರುಗಿತು.

ಅಜ್ಜಿಯ ಪ್ರಶ್ನೆ

ಇಷ್ಟನ್ನೆಲ್ಲ ಅರಿತು ನಾವು ಮತ್ತೆ ಆ ಮನೆಗೆ ಹೋದೆವು. ಗಾಳಿಯ ವಿಷಯ, ಅಲೆಯ ವಿಷಯ ಎಲ್ಲವನ್ನೂ ವಿವರಿಸಿದೆವು. ಅಜ್ಜಿ ಕೊನೆಯವರೆಗೆ ಕೇಳಿ, ಒಂದೇ ಪ್ರಶ್ನೆ ಹಾಕಿದರು: “ಗಾಳಿ ಒಯ್ತೈತಿ, ಖರೆ. ಹೊಳ್ಳಿ ಹೆಂಗ ಬರ್ತಾಳ್ರಿ?”

ಮುಂದೆ ನಾವು ಮೂಲ್ಕಿಯ ಶಿಕ್ಷಕರಿಗೆ ಇದನ್ನು ತಿಳಿಸಿದಾಗ ಅವರು ನಗಲಿಲ್ಲ. ಮೀನುಗಾರರ ಮನೆಯಲ್ಲಿ ಹುಟ್ಟಿ ಬೆಳೆದ ಆ ಯುವಕರು, ಬಲ್ಲವರು ಕೇಳುವ ಮೊದಲ ಪ್ರಶ್ನೆಯೇ ಅದೆಂದರು. ಒಯ್ದ ಗಾಳಿಯೇ ಮರಳಿ ತರುವುದಿಲ್ಲ. ನಿಂತ ಮೈ ಹಾಯಿಯಂತೆ ಗಾಳಿಯನ್ನು ಹಿಡಿಯುವುದರಿಂದ, ಎದುರುಗಾಳಿಯಲ್ಲಿ ಮಂಡಿಯೂರಿ ಕುಳಿತು ಹುಟ್ಟುಹಾಕಿದರೂ ಹಲಗೆ ಸಾಗುವುದು ಕಷ್ಟ. ಆದ್ದರಿಂದ ಹೊರಡುವ ಮುನ್ನವೇ ಇಳಿಯುವ ಠಾವನ್ನು ಗೊತ್ತುಮಾಡಬೇಕು. ನಡುವೆ ದಡ ಹತ್ತಬಹುದಾದ ಎಡೆಗಳನ್ನು ಗುರುತಿಸಬೇಕು. ಕೊನೆಯಲ್ಲಿ ಒಬ್ಬರು ಕಾದಿರಬೇಕು.

ಆ ಮನೆಯಲ್ಲಿ ಕೊನೆಗೆ ಒಂದು ಕರಾರು ಆಯಿತು. ಮೊದಲು ಊರಿನ ಈಜುಕೊಳದಲ್ಲಿ ಒಂದು ವರ್ಷ ಈಜು, ಆಮೇಲೆ ಮೂಲ್ಕಿ. ಹುಡುಗಿ ಒಪ್ಪಿದಳು, ಒಂದು ದಿನವೂ ತಪ್ಪಿಸಲಿಲ್ಲ.

ತಮ್ಮ ಮಕ್ಕಳನ್ನು ಕಳುಹಿಸುವ ಮನೆಯವರು ಗಮನಿಸಬೇಕಾದ ಸಂಗತಿಗಳನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಈಜು ಎಷ್ಟೇ ಬರಲಿ, ಲೈಫ್ ಜಾಕೆಟ್ ಮೈಮೇಲೆ ಇರಲೇಬೇಕು. ಹಲಗೆಗೂ ಆಳಿಗೂ ನಡುವೆ ಹಗ್ಗವಿರಬೇಕು. ಗಾಳಿಯಲ್ಲಿ ಬಿದ್ದಾಗ ಹಲಗೆ ಕೈತಪ್ಪಿದರೆ ಈಜಿ ಅದನ್ನು ಹಿಡಿಯಲಾಗದು. ಆದರೆ ಸೆಳೆತವಿರುವ ಹೊಳೆಯಲ್ಲಿ ಆ ಹಗ್ಗವನ್ನು ಕಾಲಿಗೆ ಕಟ್ಟಬಾರದು. ಮುಳುಗಿದ ಕೊಂಬೆಗೆ ಅದು ಸಿಕ್ಕಿಕೊಂಡರೆ, ನೀರಿನ ಒತ್ತಡದಲ್ಲಿ ಬಾಗಿ ಬಿಚ್ಚುವುದು ಅಸಾಧ್ಯ. ಸೊಂಟಕ್ಕೆ ಕಟ್ಟಿ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಪಟ್ಟಿ ಇರಬೇಕು. ಮಳೆಗಾಲದಲ್ಲಿ ಹೊಳೆಗಾಗಲಿ ಅಳಿವೆಗಾಗಲಿ ಇಳಿಯುವ ಮಾತೇ ಬೇಡ.

ಇಷ್ಟಲಿಂಗದ ವಿಷಯವಾಗಿಯೂ ಕೆಲವರು ನಮ್ಮನ್ನು ಕೇಳಿದ್ದಾರೆ. ಲಿಂಗವನ್ನು ಅಂಗದಿಂದ ಅಗಲಿಸದಿರುವುದು ನಮ್ಮ ಆಚಾರ. ಉದ್ದನೆಯ ಶಿವದಾರದಲ್ಲಿ ಕರಡಿಗೆ ತೂಗಾಡುತ್ತಿದ್ದರೆ ಬಿದ್ದಾಗ ಕೊರಳಿಗೆ ತೊಡಕಾದೀತು. ಲಿಂಗವನ್ನು ವಸ್ತ್ರದಲ್ಲಿ ಸುತ್ತಿ, ಎದೆಗೆ ಬಿಗಿಯಾಗಿ ಕಟ್ಟಿ, ಅದರ ಮೇಲೆ ಜಾಕೆಟ್ ತೊಡುವುದು ಯೋಗ್ಯವೆಂಬುದು ನಮ್ಮ ಅಭಿಪ್ರಾಯ. ಆ ಹುಡುಗಿ ಮಾಡಿದ್ದೂ ಹಾಗೆಯೇ.

ಕಾದು ಕುಳಿತವರು

ಮರುವರ್ಷ ಫೆಬ್ರುವರಿಯಲ್ಲಿ ಆ ಕುಟುಂಬದೊಡನೆ ನಾವೂ ಮೂಲ್ಕಿಗೆ ಹೋದೆವು. ಕೊನೆಯ ಠಾವಿನಲ್ಲಿ ಕಾಯಲು ಒಬ್ಬರು ಬೇಕೆಂದಾಗ ಅಜ್ಜಿ, “ನಾ ಕುಂಡ್ರತೀನಿ” ಎಂದರು. ದಡದ ತೆಂಗಿನ ಮರದಡಿ ಒಂದು ಕುರ್ಚಿ ಹಾಕಿಕೊಟ್ಟರು. ನಾವು ಪಕ್ಕದ ಕಟ್ಟೆಯ ಮೇಲೆ ಕುಳಿತೆವು. ನಡುಹಗಲು ಕಳೆಯುತ್ತಲೇ ಗಾಳಿ ಎದ್ದಿತು. ಕೊಲಂಬಿಯಾದ ದೊಡ್ಡ ಅಲೆಗಳು ಅಲ್ಲಿರಲಿಲ್ಲ. ಗದ್ದೆಯ ಪೈರು ಬಾಗುವಂತೆ ಚಿಕ್ಕ ಅಲೆಗಳು ಒಂದರ ಹಿಂದೊಂದು ಬರುತ್ತಿದ್ದವು.

ಬಹಳ ಹೊತ್ತು ಏನೂ ಕಾಣಲಿಲ್ಲ. ಅಜ್ಜಿ ಮಾತನಾಡಲಿಲ್ಲ. ಸೆರಗಿನೊಳಗಿನ ಅವರ ಕೈ ಲಿಂಗವನ್ನು ಹಿಡಿದಿತ್ತು. ಅನಂತರ ತಿರುವಿನಲ್ಲಿ ಒಂದು ಆಕೃತಿ, ಅದರ ಹಿಂದೆ ಶಿಕ್ಷಕರ ದೋಣಿ ಕಂಡವು. ಹತ್ತಿರ ಬರುತ್ತಿದ್ದಂತೆ ಹುಡುಗಿ ಆಯ ತಪ್ಪಿ ನೀರಿಗೆ ಬಿದ್ದಳು. ಅಜ್ಜಿ ಎದ್ದು ನಿಂತರು. ಕಲಿಸಿದಂತೆಯೇ ಹಲಗೆಯಿಂದ ದೂರಕ್ಕೆ ಬಿದ್ದಿದ್ದ ಅವಳು ಮೇಲೆ ಬಂದು, ಹಗ್ಗ ಹಿಡಿದು ಹಲಗೆಯನ್ನೆಳೆದುಕೊಂಡು, ಮಂಡಿಯೂರಿ, ಮತ್ತೆ ನಿಂತಳು. ಆಗ ಬೆನ್ನ ಹಿಂದೆ ಎದ್ದ ಅಲೆಯೊಂದು ಹಲಗೆಯನ್ನು ಎತ್ತಿ, ನಾಲ್ಕು ಮಾರು ದೂರ ತಾನೇ ತಂದು ಬಿಟ್ಟಿತು. ದಡ ಮುಟ್ಟಿದವಳ ತಲೆಯನ್ನು ಅಜ್ಜಿ ಸೆರಗಿನಿಂದ ಒರೆಸುತ್ತ, “ಬಂದ್ಯಾ ಯವ್ವಾ” ಎಂದರು. ಅರವತ್ತು ವರ್ಷಗಳ ಹಿಂದೆ ಮಲಪ್ರಭೆಯ ದಂಡೆಯಲ್ಲಿ ಆಡಲಾಗದೆ ಉಳಿದ ಮಾತು ಅದೆಂದು ನಮಗೆ ತೋರಿತು.

ಎಲ್ಲ ಮಕ್ಕಳೂ ಹಲಗೆ ಏರಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಕೂಡಲಸಂಗಮಕ್ಕೆ, ನದಿದಂಡೆಯ ಜಾತ್ರೆಗಳಿಗೆ ಮಕ್ಕಳನ್ನು ಕರೆದೊಯ್ಯುವ ನಾವು ಅವರಿಗೆ ಈಜು ಕಲಿಸದೆ ಬಿಡುವುದು ಸರಿಯಲ್ಲ. ಬರುವ ಬೇಸಗೆಯ ರಜೆಯಲ್ಲಿ, ಹೆಣ್ಣು ಗಂಡೆಂಬ ಭೇದವೆಣಿಸದೆ, ಪ್ರತಿಯೊಂದು ಮನೆಯವರೂ ಬಲ್ಲವರ ಕೈಯಲ್ಲಿ ಮಕ್ಕಳಿಗೆ ಈಜು ಕಲಿಸಲಿ. ಯಾವ ಹೊಳೆಗೆ ಹೋದರೂ ಅಲ್ಲಿಯ ಅಂಬಿಗರನ್ನು, ಮೀನುಗಾರರನ್ನು ಗೌರವದಿಂದ ಕೇಳಿಯೇ ನೀರಿಗಿಳಿಯಲಿ. ಚೌಡಯ್ಯನವರ ಸ್ಮರಣೆ ಆಗ ಜಯಂತಿಯ ಒಂದು ದಿನಕ್ಕೆ ನಿಲ್ಲದೆ ನಮ್ಮ ಮನೆಗಳಲ್ಲಿ ವರ್ಷವಿಡೀ ನಡೆದೀತು.